ಕ್ರೋಶಾ ಕಡ್ಡಿಯನ್ನು ಕಸಿದುಕೊಳ್ಳಬೇಡಿ

ಹಬ್ಬದ ದಿನ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಹಸಿ ಎಲೆ ಎರಡು-ಮೂರು ದಿನಕ್ಕೆ ಬಾಡಿ ಸುರುಳಿ ಸುತ್ತಿಕೊಳ್ಳುತ್ತದೆ. ಹಬ್ಬ ಕಳೆದ ಮೇಲೂ ಬಾಗಿಲು ಬೋಳಾಗಿ ಕಾಣಬಾರದೆಂದು ನಮ್ಮ ಗೃಹಿಣಿಯರು ಕಂಡುಕೊಂಡಿರುವ ಉಪಾಯವೇ ಉಲ್ಲನ್ನಿನ ಎಲೆ. ಹಸಿರು ಉಲ್ಲನ್ ಉಂಡೆ ಒಂದು, ಕ್ರೋಶಾ ಕಡ್ಡಿ ಒಂದು ಇದ್ದರೆ ಸಾಕು. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಕುಳಿತವರ ಕೈಯಲ್ಲಿ ಎಲೆಯೊಂದು ಮೂಡಿಬಿಡುತ್ತದೆ. ತೋರಣಕ್ಕೆ ಮಾತ್ರವಲ್ಲ, ಟೀಪಾಯಿಯ ಹಾಸಿನ ಅಂಚಿಗೆ, ದೇವರ ಮನೆಯ ಪರದೆಗೆ, ಗೋಡೆಯ ಅಲಂಕಾರಕ್ಕೂ ಇದೇ ಎಲೆ.

ಆರೋಗ್ಯದ ಅಂಕಣದಲ್ಲಿ ಉಲ್ಲನ್ ಎಲೆಗೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ. ಹೆಬ್ಬೆರಳಿನ ಬುಡದ ನೋವು, ಕೈ ಜೋಮು, ಕುತ್ತಿಗೆ ಸೆಳೆತ ಎಂದು ಚಿಕಿತ್ಸಾಲಯಕ್ಕೆ ಬರುವ ಮಹಿಳೆಯರ ಜೊತೆ ಮನೆಯವರು ಯಾರಾದರೂ ಬಂದಿದ್ದರೆ, ರೋಗಿ ಬಾಯಿ ತೆರೆಯುವ ಮೊದಲೇ ಕಾರಣ ಹೇಳಿಬಿಡುತ್ತಾರೆ: ‘ಯಾವಾಗ ನೋಡಿದರೂ ಆ ದಾರ, ಕಡ್ಡಿ ಹಿಡಿದು ಕೂತಿರ್ತಾಳೆ ಡಾಕ್ಟ್ರೇ. ಅದನ್ನು ಬಿಡೋಕೆ ಹೇಳಿ.’ ಹಾಗೆ ಹೇಳಿ ಕಳಿಸುವುದು ವೈದ್ಯರಿಗೂ ಸುಲಭ. ಆದರೆ ಬಹಳಷ್ಟು ಸಲ ಅದು ಸರಿಯಾದ ಸಲಹೆಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಈ ವಾರ ವಿವರಿಸುತ್ತೇನೆ.

ಒಂದು ಎಲೆಯ ಲೆಕ್ಕ

ಮೊದಲು ಎಲೆಯನ್ನೇ ನೋಡೋಣ. ಹೆಣೆಯುವ ವಿಧಾನ ಮನೆಯಿಂದ ಮನೆಗೆ ಬೇರೆ. ಸರಳವಾದ ಒಂದು ವಿಧಾನ ಹೀಗಿದೆ. 16 ಸರಪಳಿ ಹಾಕಿಕೊಳ್ಳಬೇಕು. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಆರಂಭಿಸಿ, ಒಂದೊಂದು ಸರಪಳಿಗೆ ಒಂದೊಂದರಂತೆ 2 ಗಿಡ್ಡ ಕಂಬ, 2 ಅರ್ಧ ಕಂಬ, 7 ಪೂರ್ಣ ಕಂಬ, ಮತ್ತೆ 2 ಅರ್ಧ ಕಂಬ, 2 ಗಿಡ್ಡ ಕಂಬ ಹಾಕಿದರೆ ಎಲೆಯ ಒಂದು ಮಗ್ಗುಲು ಮುಗಿಯಿತು. ತುದಿ ಚೂಪಾಗಲು 2 ಸರಪಳಿ ಹಾಕಿ, ಮೊದಲಿನ ಸರಪಳಿಯ ಇನ್ನೊಂದು ಅಂಚಿನಲ್ಲಿ ಅದೇ ಕ್ರಮದಲ್ಲಿ ಹಿಂದಿರುಗಿ ಬಂದು, ಆರಂಭಿಸಿದ ಜಾಗಕ್ಕೆ ಸೇರಿಸಿದರೆ ಎಲೆ ಸಿದ್ಧ. ನಡುವೆ ಉದ್ದದ ಕಂಬಗಳಿರುವುದರಿಂದ ಎಲೆಯ ಹೊಟ್ಟೆ ಅಗಲವಾಗಿ, ಎರಡು ತುದಿಗಳು ಕಿರಿದಾಗುತ್ತವೆ.

ಈಗ ವೈದ್ಯರ ಲೆಕ್ಕ. ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯಿಂದ ಹೊರಗೆಳೆಯುವಾಗಲೆಲ್ಲ ಮಣಿಕಟ್ಟು ಒಮ್ಮೆ ಹೊರಳುತ್ತದೆ. ಸರಪಳಿಗೆ ಇಂಥ ಎಳೆತ ಒಂದು, ಗಿಡ್ಡ ಕಂಬಕ್ಕೂ ಅರ್ಧ ಕಂಬಕ್ಕೂ ಎರಡೆರಡು, ಪೂರ್ಣ ಕಂಬಕ್ಕೆ ಮೂರು. ಮೇಲಿನ ಎಲೆಯಲ್ಲಿ ಕೊನೆಯ ಸೇರ್ಪಡೆಯೂ ಕೂಡಿ ಒಟ್ಟು 93 ಎಳೆತಗಳು. 21 ಎಲೆಗಳ ತೋರಣವಾದರೆ 1,953. ಅಂದರೆ ಸುಮಾರು ಎರಡು ಸಾವಿರ ಸಲ ಬಲಗೈ ಮಣಿಕಟ್ಟು ಹೊರಳಬೇಕು. ಈ ಅವಧಿಯಲ್ಲೆಲ್ಲ ಎಡಗೈ ದಾರದ ಬಿಗಿಯನ್ನು ಕಾಯುತ್ತ, ಎಲೆಯನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಸುಕಿ ಹಿಡಿದಿರುತ್ತದೆ. ಅಲುಗಾಡದೆ ಹಿಡಿದ ಸ್ನಾಯುವಿಗೆ ರಕ್ತದ ಸಂಚಾರ ಕಡಿಮೆಯಾಗಿ ಅದು ಬೇಗ ದಣಿಯುತ್ತದೆ. ಕ್ರೋಶಾ ಹಾಕುವ ಕೆಲವರಿಗೆ ಎಡಗೈಯೇ ಹೆಚ್ಚು ನೋಯುವುದಕ್ಕೆ ಇದು ಕಾರಣ.

ಎರಡು ಸಾವಿರ ಎಂದು ಹೆದರಬೇಕಾಗಿಲ್ಲ. ಇದನ್ನು ಔಷಧಿಯ ಪ್ರಮಾಣದಂತೆ ನೋಡಿ. ದಿನಕ್ಕೆ ಮೂರು ಎಲೆಯಂತೆ ಹೆಣೆದರೆ ವಾರಕ್ಕೆ ತೋರಣ ಮುಗಿಯುತ್ತದೆ. ಕೈಗೆ ಅದು ಹಿತವಾದ ವ್ಯಾಯಾಮ. ನಾಳೆಯೇ ಹಬ್ಬವೆಂದು ಒಂದೇ ರಾತ್ರಿಯಲ್ಲಿ 21 ಎಲೆ ಮುಗಿಸಲು ಹೊರಟರೆ ಅದೇ ಕೆಲಸ ಗಾಯವಾಗುತ್ತದೆ. ವಾರದ ಗುಳಿಗೆಗಳನ್ನು ಒಂದೇ ದಿನ ನುಂಗುವವರುಂಟೆ?

ತಪ್ಪಿತಸ್ಥ ಯಾರು?

ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಹರಿಯುವ ನೋವಿಗೆ ಒಂದು ಸಾಮಾನ್ಯ ಕಾರಣವಿದೆ. ಅಲ್ಲಿ ಹೆಬ್ಬೆರಳನ್ನು ಅಲುಗಾಡಿಸುವ ಎರಡು ಸ್ನಾಯುರಜ್ಜುಗಳು ಒಂದೇ ಕಿರಿದಾದ ಕೊಳವೆಯ ಮೂಲಕ ಹಾದುಹೋಗುತ್ತವೆ. ಉಜ್ಜಾಟ ಹೆಚ್ಚಿದರೆ ಆ ಕೊಳವೆ ದಪ್ಪಗಾಗಿ ರಜ್ಜುಗಳು ಸರಾಗವಾಗಿ ಜಾರುವುದಿಲ್ಲ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಇಂದಿಗೂ ಅದಕ್ಕೆ ಅವರದೇ ಹೆಸರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದಾಗ ಚುಚ್ಚಿದಂತೆ ನೋವಾದರೆ ವೈದ್ಯರು ಈ ತೊಂದರೆಯನ್ನು ಶಂಕಿಸುತ್ತಾರೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಳೆ ಮಗುವನ್ನು ಪದೇ ಪದೇ ಎತ್ತಿ ಇಳಿಸುವ ತಾಯಂದಿರಲ್ಲಿಯೂ ಅಜ್ಜಿಯರಲ್ಲಿಯೂ ಸಾಮಾನ್ಯ.

ಇನ್ನೊಂದು, ರಾತ್ರಿ ಎಚ್ಚರವಾಗುವಂತೆ ಕೈ ಜೋಮು ಹಿಡಿಯುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಮರಗಟ್ಟುತ್ತವೆ. ಕೈ ಕೊಡವಿದರೆ ಸ್ವಲ್ಪ ಹಗುರವಾಗುತ್ತದೆ. ಮಣಿಕಟ್ಟಿನ ಸುರಂಗದಂಥ ಜಾಗದಲ್ಲಿ ಹಾದುಹೋಗುವ ನರ ಒತ್ತಿಕೊಂಡಾಗ ಹೀಗಾಗುತ್ತದೆ. ಇದಕ್ಕೆ ಕಾರ್ಪಲ್ ಟನೆಲ್ ಎಂದು ಹೆಸರು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಥೈರಾಯಿಡ್ ಕೊರತೆ ಇರುವವರು ಇದಕ್ಕೆ ಬೇಗ ಗುರಿಯಾಗುತ್ತಾರೆ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಬ್ಬೆರಳ ಬುಡದ ಕೀಲು ಸವೆಯುವುದೂ ಸಾಮಾನ್ಯ. ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ಕನೆ ಬಿಡುವ ತೊಂದರೆ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಇವುಗಳಲ್ಲಿ ಯಾವುದನ್ನಾದರೂ ಕ್ರೋಶಾ ಕೆರಳಿಸಬಹುದು, ನಿಜ. ಆದರೆ ಅದೇ ಕೈ ಬೆಳಗಿನಿಂದ ಏನೇನು ಮಾಡಿದೆ ಎಂದು ಕೇಳಿ ನೋಡಿ. ನೆನೆದ ಬೆಡ್‌ಶೀಟುಗಳನ್ನು ತಿರುಚಿ ಹಿಂಡಿದೆ. ತೆಂಗಿನಕಾಯಿ ತುರಿದಿದೆ. ಚಪಾತಿ ಹಿಟ್ಟು ನಾದಿದೆ, ಬಿಸಿ ಮುದ್ದೆ ತಿರುವಿದೆ, ಅನ್ನದ ಕುಕ್ಕರನ್ನು ಒಂದೇ ಕೈಯಲ್ಲಿ ಇಳಿಸಿದೆ, ತುಂಬಿದ ಬಕೆಟ್ಟು ಹೊತ್ತಿದೆ, ಮೊಮ್ಮಗುವನ್ನು ಹತ್ತು ಸಲ ಎತ್ತಿದೆ. ಹಿಂಡುವುದು, ತುರಿಯುವುದು, ಎತ್ತುವುದು, ಈ ಮೂರರ ಮುಂದೆ ಹಗುರ ಉಲ್ಲನ್ನಿನ ಎಳೆತ ಏನೂ ಅಲ್ಲ. ಆದರೂ ಮನೆಯವರಿಗೆ ಕಣ್ಣಿಗೆ ಬೀಳುವುದು ಕ್ರೋಶಾ ಒಂದೇ. ಏಕೆ? ಬೆಡ್‌ಶೀಟು ಹಿಂಡುವುದನ್ನು ನಿಲ್ಲಿಸಿ ಎಂದರೆ ಇನ್ನೊಬ್ಬರು ಹಿಂಡಬೇಕು. ಕಾಯಿ ತುರಿಯಬೇಡಿ ಎಂದರೆ ಇನ್ನೊಬ್ಬರು ತುರಿಯಬೇಕು. ಕ್ರೋಶಾ ನಿಲ್ಲಿಸಿದರೆ ಮನೆಯಲ್ಲಿ ಯಾರಿಗೂ ಏನೂ ಕಷ್ಟವಿಲ್ಲ, ಹೆಣೆಯುವವಳ ಹೊರತು. ದಿನದ ಕೆಲಸಗಳ ಪಟ್ಟಿಯಲ್ಲಿ ಆಕೆ ತನ್ನ ಇಷ್ಟದಿಂದ ಮಾಡುವುದು ಅದೊಂದೇ ಇರಬಹುದು. ಅದನ್ನೇ ಮೊದಲು ಕಿತ್ತುಕೊಳ್ಳುವುದು ಚಿಕಿತ್ಸೆಯೂ ಅಲ್ಲ, ನ್ಯಾಯವೂ ಅಲ್ಲ.

ಆದ್ದರಿಂದ ನೋವಿರುವ ಕೈಗೆ ವಿಶ್ರಾಂತಿ ಬೇಕಾದಾಗ ಕ್ರಮ ಹೀಗಿರಲಿ: ಮೊದಲು ಹಿಂಡುವುದು, ತುರಿಯುವುದು, ಭಾರ ಎತ್ತುವುದು ನಿಲ್ಲಲಿ. ನಂತರ ಕ್ರೋಶಾದ ಅವಧಿ ಇಳಿಯಲಿ. ನೋವು ತೀವ್ರವಾಗಿ, ಹೆಬ್ಬೆರಳಿಗೆ ಪಟ್ಟಿ ಕಟ್ಟಬೇಕಾಗಿ ಬಂದರೆ ಮೂರು-ನಾಲ್ಕು ವಾರ ಕ್ರೋಶಾಕ್ಕೂ ರಜೆ ಬೇಕಾಗಬಹುದು. ಅದು ರಜೆ ಮಾತ್ರ, ರಾಜೀನಾಮೆ ಅಲ್ಲ.

ಮನಸ್ಸಿಗೆ ಏನು ಲಾಭ?

ಕೈಕೆಲಸ ಮನಸ್ಸಿಗೆ ಒಳ್ಳೆಯದು ಎಂಬುದು ಹಿರಿಯರ ಮಾತು. ಸಂಶೋಧಕರೂ ಇದನ್ನು ಪರಿಶೀಲಿಸಿದ್ದಾರೆ. ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹಲವು ದೇಶಗಳ 8 ಸಾವಿರಕ್ಕೂ ಹೆಚ್ಚು ಕ್ರೋಶಾ ಹವ್ಯಾಸಿಗಳು ಉತ್ತರಿಸಿದ್ದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ, ಕ್ರೋಶಾ ಹಾಕಿದರೆ ಮನಸ್ಸು ಶಾಂತವಾಗುತ್ತದೆ ಎಂದರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನ 70ರಿಂದ 89 ವರ್ಷದ 1,300ಕ್ಕೂ ಹೆಚ್ಚು ಜನರದು. ಹೆಣಿಗೆಯಂಥ ಕೈಕೆಲಸ, ಓದು, ಆಟಗಳಲ್ಲಿ ತೊಡಗಿದವರಲ್ಲಿ ನೆನಪಿನ ಶಕ್ತಿಯ ಆರಂಭಿಕ ಕುಂದು ಕಡಿಮೆ ಕಂಡುಬಂತು.

ಇವುಗಳ ಮಿತಿಯನ್ನೂ ಹೇಳಬೇಕು. ಮೊದಲನೆಯದರಲ್ಲಿ ಉತ್ತರಿಸಿದವರೆಲ್ಲ ಕ್ರೋಶಾವನ್ನು ಮೊದಲೇ ಇಷ್ಟಪಡುವವರು. ಎರಡನೆಯದರಲ್ಲಿ, ಹೆಣಿಗೆಯಿಂದ ನೆನಪು ಉಳಿಯಿತೋ, ನೆನಪು ಚೆನ್ನಾಗಿದ್ದವರೇ ಹೆಣಿಗೆ ಮುಂದುವರಿಸಿದರೋ ಎಂದು ಖಚಿತವಾಗಿ ಹೇಳಲಾಗದು. ಹೀಗಾಗಿ ಕ್ರೋಶಾ ಮರೆವಿನ ಕಾಯಿಲೆಯನ್ನು ತಡೆಯುತ್ತದೆ ಎಂದು ನಾನು ಬರೆಯಲಾರೆ. ಆದರೆ ಎಣಿಕೆಯಿರುವ, ಲಯವಿರುವ, ಮುಗಿದಾಗ ಕಣ್ಣೆದುರು ಒಂದು ವಸ್ತು ಉಳಿಯುವ ಕೆಲಸ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ ಎಂಬುದನ್ನು ಹೆಣೆದವರೆಲ್ಲ ಬಲ್ಲರು. ಮನೆಗೆಲಸಕ್ಕೆ ಮುಗಿತಾಯವಿಲ್ಲ; ತೊಳೆದ ಪಾತ್ರೆ ಸಂಜೆಗೆ ಮತ್ತೆ ಕೊಳೆಯಾಗುತ್ತದೆ. ಎಲೆ ಹಾಗಲ್ಲ. ಮುಗಿದ ಎಲೆ ಮುಗಿದೇ ಇರುತ್ತದೆ.

ಬಿಡುವಿನ ಕೆಲಸವೆಂಬ ಭ್ರಮೆ

ಸಂತೋಷಕ್ಕೆ ಹೆಣೆಯುವುದು ಒಂದು, ಸಂಪಾದನೆಗೆ ಹೆಣೆಯುವುದು ಇನ್ನೊಂದು. ಆಂಧ್ರದ ಗೋದಾವರಿ ತೀರದ ನರಸಾಪುರದ ಕಡೆ 19ನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ದೊಡ್ಡ ಉದ್ಯಮವಾಗಿ ಬೆಳೆಯಿತು. ಅಲ್ಲಿಯ ಹೆಣಿಗೆಗಾರ್ತಿಯರನ್ನು ಕುರಿತು ಜರ್ಮನಿಯ ಸಮಾಜವಿಜ್ಞಾನಿ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ವಿದೇಶಗಳ ಮಾರುಕಟ್ಟೆಗೆ ಲೇಸು ಹೆಣೆಯುತ್ತಿದ್ದ ಆ ಮಹಿಳೆಯರನ್ನು ಬರಿಯ ಗೃಹಿಣಿಯರೆಂದೂ, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದೂ ಕರೆದದ್ದರಿಂದಲೇ ಅವರಿಗೆ ಅತಿ ಕಡಿಮೆ ಕೂಲಿ ಕೊಡಲು ಸಾಧ್ಯವಾಯಿತೆಂಬುದು ಆ ಪುಸ್ತಕದ ಮುಖ್ಯ ಮಾತು.

ಇದರಲ್ಲಿ ವೈದ್ಯರಿಗೂ ಪಾಠವಿದೆ. ನಮ್ಮ ಊರುಗಳಲ್ಲಿಯೂ ತೋರಣ, ಹಾಸು, ಮಕ್ಕಳ ಟೊಪ್ಪಿಗೆ ಹೆಣೆದು ಮಾರುವವರಿದ್ದಾರೆ. ಇಂಥವರಿಗೆ ‘ದಿನಕ್ಕೆ ಮೂರೇ ಎಲೆ’ ಎಂದರೆ ನಡೆಯದು. ಕೂಲಿಯೂ ಹೋಗಬಾರದು, ಕೈಯೂ ಹೋಗಬಾರದು. ದಿನದ ಕೆಲಸವನ್ನು ಮುಕ್ಕಾಲು ಗಂಟೆಯ ತುಂಡುಗಳಾಗಿ ಒಡೆದುಕೊಳ್ಳಿ; ನಡುವೆ ಹೆಣಿಗೆಯಲ್ಲದ ಬೇರೆ ಕೆಲಸ ಮಾಡಿ. ನೋವೆಂದು ವೈದ್ಯರಲ್ಲಿ ಹೋದಾಗ ‘ಮನೆಯಲ್ಲೇ ಇರ್ತೀನಿ’ ಎನ್ನಬೇಡಿ. ದಿನಕ್ಕೆ ಎಷ್ಟು ಗಂಟೆ ಹೆಣೆಯುತ್ತೀರೆಂದು ಲೆಕ್ಕ ಹೇಳಿ.

ಬೆಳಕು, ಆಸನ, ಕಡ್ಡಿ

ಹೆಣೆಯುವವರೂ ಕೆಲವು ನಿಯಮ ಪಾಲಿಸಬೇಕು. ಮೊದಲನೆಯದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. 60 ವರ್ಷದವರ ರೆಟಿನಾಕ್ಕೆ ತಲುಪುವ ಬೆಳಕು 20ರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಮೊಮ್ಮಗಳಿಗೆ ಸಾಕಾಗುವ ದೀಪ ಅಜ್ಜಿಗೆ ಸಾಲದು. ಹಗಲಾದರೆ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ರಾತ್ರಿಯಾದರೆ ಬಲಗೈಯವರಿಗೆ ಎಡ ಭುಜದ ಹಿಂದಿನಿಂದ ಬೆಳಕು ಬೀಳುವಂತೆ ಎಲ್‌ಇಡಿ ದೀಪವಿಟ್ಟುಕೊಳ್ಳಿ. ಕಡು ಹಸಿರು, ಕಪ್ಪು ಉಲ್ಲನ್ ಹಗಲಿಗಿರಲಿ. ರಾತ್ರಿಗೆ ತಿಳಿ ಬಣ್ಣ. ಟಿ.ವಿ. ಬೆಳಕಿನಲ್ಲಿ ಹೆಣೆಯಬೇಡಿ.

40 ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುವುದು ಸಹಜ. ಕನ್ನಡಕವಿಲ್ಲದೆ ಕೆಲಸವನ್ನು ದೂರ ಹಿಡಿದು ಹೆಣೆದರೆ ತಲೆನೋವು, ಭುಜದ ನೋವು ಎರಡೂ ಬರುತ್ತವೆ. ಕಣ್ಣು ಪರೀಕ್ಷಿಸಿಕೊಂಡು ಕನ್ನಡಕ ಹಾಕಿಕೊಳ್ಳಿ. ಒಂದೇ ಕಡೆ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಒಳ್ಳೆಯ ರೂಢಿ.

ಎರಡನೆಯದು ಆಸನ. ನಮ್ಮ ತಲೆಯ ತೂಕ ನಾಲ್ಕೈದು ಕಿಲೋ. ಅದನ್ನು ಮುಂದಕ್ಕೆ ಬಗ್ಗಿಸಿದಷ್ಟೂ ಕುತ್ತಿಗೆಯ ಸ್ನಾಯುಗಳ ಮೇಲೆ ಹೊರೆ ಹೆಚ್ಚು. ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಕುಳಿತು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಮೊಳಕೈ ಊರಿದರೆ ಕೆಲಸವೇ ಕಣ್ಣಿನ ಹತ್ತಿರ ಬರುತ್ತದೆ; ತಲೆ ಬಗ್ಗಬೇಕಾಗಿಲ್ಲ. ನೆಲದ ಮೇಲೆ ಕೂರುವವರು ಗೋಡೆಗೆ ಒರಗಿ ಇದೇ ರೀತಿ ದಿಂಬು ಬಳಸಬಹುದು.

ಮೂರನೆಯದು ಕಡ್ಡಿ. ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಹಿಡಿಯಲು ಬೆರಳುಗಳು ಹೆಚ್ಚು ಬಿಗಿಯಬೇಕು. ಹಿಡಿಯ ಭಾಗಕ್ಕೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಂಡರೆ ಹೆಬ್ಬೆರಳಿಗೆ ಎಷ್ಟೋ ಆರಾಮ. ಎಲೆಗಳಿಗೆ 4 ಮಿಲಿಮೀಟರ್ ಆಸುಪಾಸಿನ ಕಡ್ಡಿ, ಸ್ವಲ್ಪ ದಪ್ಪ ಉಲ್ಲನ್ ಸಾಕು. ಕುಣಿಕೆಗಳು ಬಿಗಿಯಾಗದಿರಲಿ, ಬಿಗಿ ಕುಣಿಕೆಗೆ ಕಡ್ಡಿ ತೂರಿಸುವಾಗಲೇ ಮಣಿಕಟ್ಟು ಹೆಚ್ಚು ಬಳಲುವುದು. ಒಂದು ಎಲೆ ಮುಗಿದಾಗ ಕಡ್ಡಿ ಕೆಳಗಿಟ್ಟು ಬೆರಳುಗಳನ್ನು ಅಗಲಿಸಿ ಮುಚ್ಚಿ, ಮಣಿಕಟ್ಟನ್ನು ಮೇಲೆ ಕೆಳಗೆ ನಿಧಾನವಾಗಿ ಐದು ಸಲ ಬಾಗಿಸಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ ಬನ್ನಿ.

ಎಲೆ ಕೊಡುವ ಮುನ್ಸೂಚನೆ

ಕ್ರೋಶಾ ಹಾಕುವವರ ಕೆಲಸವನ್ನು ಮನೆಯವರು ಗಮನಿಸಬೇಕೆನ್ನಲು ಇನ್ನೊಂದು ಕಾರಣವಿದೆ. ಕೆಲವು ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ದೀಪವಿದ್ದರೂ ಕುಣಿಕೆಗಳು ತಪ್ಪತೊಡಗಿದರೆ ಕಣ್ಣಿನ ಪೊರೆ ಇರಬಹುದು. ಕಡ್ಡಿ ಕೈಯಿಂದ ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿದ್ದರೆ ನರದ ತೊಂದರೆ. ಇದನ್ನು ತಡಮಾಡದೆ ತೋರಿಸಬೇಕು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳಿನ ಕೀಲುಗಳು ಊದಿಕೊಂಡು, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ ಸಂಧಿವಾತಕ್ಕಾಗಿ ರಕ್ತ ಪರೀಕ್ಷೆ ಬೇಕು. ಎಷ್ಟೋ ವರ್ಷದಿಂದ ಕಣ್ಣು ಮುಚ್ಚಿ ಹೆಣೆಯುತ್ತಿದ್ದ ಎಲೆಯ ಲೆಕ್ಕವನ್ನು ಅಜ್ಜಿ ಪದೇ ಪದೇ ಮರೆಯುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಇಷ್ಟಪಟ್ಟು ಹೆಣೆಯುತ್ತಿದ್ದವರು ಕಾರಣವಿಲ್ಲದೆ ಅದನ್ನು ಬಿಟ್ಟುಬಿಡುವುದು. ಮೊದಲು ಸಂತೋಷ ಕೊಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗುವುದು ಖಿನ್ನತೆಯ ಪ್ರಧಾನ ಲಕ್ಷಣಗಳಲ್ಲೊಂದು. ಜೊತೆಗೆ ನಿದ್ದೆ, ಹಸಿವು ಕೆಟ್ಟು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇಂಥವರಿಗೆ ‘ಹೋಗಿ ಕ್ರೋಶಾ ಹಾಕು, ಸರಿಹೋಗುತ್ತೆ’ ಎನ್ನುವುದು ಉತ್ತರವಲ್ಲ. ಚಿಕಿತ್ಸೆ ಮೊದಲು, ಕ್ರೋಶಾ ಅದರ ಜೊತೆಗೆ.

ಕೈನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ವಾರಗಟ್ಟಲೆ ನುಂಗುವ ಅಭ್ಯಾಸ ಬೇಡ. ಅವು ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಎರಡು ವಾರ ವಿಶ್ರಾಂತಿ ಕೊಟ್ಟರೂ ನೋವು ಇಳಿಯದಿದ್ದರೆ ವೈದ್ಯರಲ್ಲಿ ಹೋಗಿ. ಸಕ್ಕರೆ ಮತ್ತು ಥೈರಾಯಿಡ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ತೋರಣ ಕಟ್ಟಿದ ಮೇಲೆ

ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್ ನೂಲು. ಅದಕ್ಕೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದೇವರ ಮನೆಯ ದೀಪ, ಊದುಬತ್ತಿ, ಆರತಿಯ ಎಟುಕಿನಲ್ಲಿ ಎಲೆಗಳು ತೂಗದಿರಲಿ. ವರ್ಷಗಟ್ಟಲೆ ಬಾಗಿಲಲ್ಲೇ ಇರುವ ತೋರಣ ಧೂಳು ಹಿಡಿಯುತ್ತದೆ. ಆಸ್ತಮಾ, ಅಲರ್ಜಿ ಇರುವವರ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು ಬಿಸಿಲಿಗೆ ಹಾಕಿ. ಹಿಂಡುವುದು ಬೇಡ, ಟವೆಲ್ಲಿನಲ್ಲಿ ಸುತ್ತಿ ಒತ್ತಿದರೆ ಸಾಕು. ಎಲೆಯ ತುದಿಗೆ ಪೋಣಿಸಿದ ಮಣಿ ಕಳಚಿ ಬಿದ್ದರೆ ಅಂಬೆಗಾಲಿಡುವ ಮಗುವಿನ ಗಂಟಲಿಗೆ ಹೋಗಬಹುದು. ಚಿಕ್ಕ ಮಕ್ಕಳಿರುವಲ್ಲಿ ಮಣಿಗಳಿಲ್ಲದ ತೋರಣವೇ ಲೇಸು.

ಕೊನೆಯದಾಗಿ ಮನೆಯ ಇತರರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಕ್ರೋಶಾ ಹಾಕುವವರಿದ್ದು ಅವರ ಕೈ ನೋಯುತ್ತಿದ್ದರೆ, ಈ ವಾರ ಬೆಡ್‌ಶೀಟು ನೀವು ಹಿಂಡಿ, ಕಾಯಿ ನೀವು ತುರಿಯಿರಿ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಡಿ. ಎರಡು ವಾರದ ನಂತರ ನೋವು ಎಷ್ಟು ಇಳಿದಿದೆ ಎಂದು ಅವರನ್ನೇ ಕೇಳಿ. ಕ್ರೋಶಾ ಬಿಡಬೇಕೋ ಬೇಡವೋ ಎಂದು ಆಮೇಲೆ ಯೋಚಿಸೋಣ.